ಚಿತ್ರಪತ್ರಿಕೆಗಳ ಮುಖಪುಟ: ಒಂದು ಐತಿಹಾಸಿಕ ಅವಲೋಕನ

ಅರಸರ ಇತಿಹಾಸವನ್ನು ಬರೆಯತಕ್ಕವನು ಶಾಸನಗಳನ್ನು ಓದುತ್ತಾನೆ. ವ್ಯಾಪಾರದ ಇತಿಹಾಸವನ್ನು ಬರೆಯತಕ್ಕವನು ನಾಣ್ಯಗಳನ್ನೂ ಕಡತಗಳನ್ನೂ ಹುಡುಕುತ್ತಾನೆ. ಜನಸಾಮಾನ್ಯರು ಯಾವುದನ್ನು ಸುಂದರವೆಂದು ಬಗೆದರು, ಯಾರ ಮುಖವನ್ನು ಗೋಡೆಗೆ ಅಂಟಿಸಿಕೊಂಡರು, ಯಾವ ಬಣ್ಣಕ್ಕೆ ಮನಸೋತರು ಎಂಬುದರ ಇತಿಹಾಸಕ್ಕೆ ಆಧಾರವೆಲ್ಲಿ? ಅದಕ್ಕೆ ರದ್ದಿ ಅಂಗಡಿಯೇ ಶಾಸನಶಾಲೆ. ಅಲ್ಲಿ ಸೇರಿನ ಲೆಕ್ಕದಲ್ಲಿ ತೂಗಿ ಕೊಟ್ಟ ಹಳೆಯ ಚಿತ್ರಪತ್ರಿಕೆಗಳ ಮುಖಪುಟಗಳು ಆ ಇತಿಹಾಸದ ಪುಟಗಳು. ಇವುಗಳನ್ನು ಹಗುರವಾಗಿ ಕಂಡು ಪಕ್ಕಕ್ಕೆ ಸರಿಸುವುದು ವಿದ್ವಾಂಸರ ವಾಡಿಕೆ. ಆದರೆ ಮುಂಬಯಿ ಮಹಾನಗರದಲ್ಲಿ ನೆಲಸಿದ ಕನ್ನಡಿಗರಿಗೆ ಈ ವಿಷಯದಲ್ಲಿ ಒಂದು ವಿಶೇಷ ಹಕ್ಕೂ ಒಂದು ವಿಶೇಷ ಹೊಣೆಯೂ ಉಂಟು. ಅದು ಹೇಗೆಂಬುದನ್ನು ಕ್ರಮವಾಗಿ ನೋಡೋಣ.

ಮೊದಲು ಮುಖಪುಟದ ವಂಶಾವಳಿ. ನಮ್ಮ ಚಿತ್ರಪತ್ರಿಕೆಗಳ ಮುಖಪುಟಕ್ಕೆ ಇಬ್ಬರು ಪೂರ್ವಜರು. ಒಬ್ಬ ಹೊರಗಿನವನು, ಇನ್ನೊಬ್ಬ ಮನೆಯವನು. ಅಮೆರಿಕದಲ್ಲಿ 1911ರಲ್ಲಿ ಆರಂಭವಾದ ‘ಫೋಟೋಪ್ಲೇ’ ಎಂಬ ಮಾಸಪತ್ರಿಕೆಯು ಮುಂದಿನ ವರ್ಷಗಳಲ್ಲಿ ಒಂದು ಪದ್ಧತಿಯನ್ನು ನೆಲೆಗೊಳಿಸಿತು: ಮೇಲೆ ಪತ್ರಿಕೆಯ ಹೆಸರು, ಕೆಳಗೆ ಚಿತ್ರಕಾರನು ಬಣ್ಣದಲ್ಲಿ ಬರೆದ ಒಬ್ಬಳೇ ತಾರೆಯ ತಲೆ ಮತ್ತು ಭುಜ, ಹಿಂದೆ ಬರಿಯ ಬಣ್ಣದ ಹಾಸು. ಇದು ಹೊರಗಿನ ಪೂರ್ವಜ. ಮನೆಯ ಪೂರ್ವಜನೆಂದರೆ ರಾಜಾ ರವಿವರ್ಮರ ಮುದ್ರಿತ ಚಿತ್ರಪಟ. 1894ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಗೊಂಡು, ಬಳಿಕ ಲೋಣಾವಳದ ಸಮೀಪದ ಮಳವಲಿಗೆ ಹೋದ ರವಿವರ್ಮ ಮುದ್ರಣಾಲಯವು ಲಕ್ಷ್ಮೀ ಸರಸ್ವತಿಯರನ್ನು ಮನೆಮನೆಯ ಗೋಡೆಗೆ ತಂದಿತು. ದುಂಡು ಮುಖ, ವಿಶಾಲವಾದ ಕಣ್ಣು, ಗುಲಾಬಿ ಛಾಯೆಯ ಮೈಬಣ್ಣ, ಅಂಚು ತಿದ್ದಿದ ಸೀರೆ: ಚಿತ್ರತಾರೆ ಹುಟ್ಟುವುದಕ್ಕೆ ಮುಂಚೆಯೇ ಅವಳ ಪ್ರತಿಮಾಲಕ್ಷಣ ಸಿದ್ಧವಾಗಿತ್ತು. 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೆರೆಗಿತ್ತ ದಾದಾಸಾಹೇಬ ಫಾಲ್ಕೆಯವರು ಅದಕ್ಕೆ ಮುನ್ನ ಬ್ಲಾಕು ತಯಾರಿಕೆ ಮತ್ತು ಮುದ್ರಣದ ಉದ್ಯೋಗದಲ್ಲಿದ್ದವರೆಂಬುದನ್ನು ನೆನೆದರೆ, ನಮ್ಮಲ್ಲಿ ಚಲನಚಿತ್ರಕ್ಕೂ ಮುದ್ರಣಕ್ಕೂ ಇರುವುದು ನೆರೆಹೊರೆಯ ಸಂಬಂಧವಲ್ಲ, ರಕ್ತಸಂಬಂಧವೇ ಎಂಬುದು ತಿಳಿಯುತ್ತದೆ.

1931ರಲ್ಲಿ ‘ಆಲಂ ಆರಾ’ದೊಡನೆ ಹಿಂದೀ ವಾಕ್ಚಿತ್ರವೂ, 1934ರಲ್ಲಿ ‘ಸತಿ ಸುಲೋಚನ’ದೊಡನೆ ಕನ್ನಡ ವಾಕ್ಚಿತ್ರವೂ ಬಂದವು. 1935ರಲ್ಲಿ ಬಾಬುರಾವ್ ಪಟೇಲರು ಮುಂಬಯಿಯಿಂದ ‘ಫಿಲ್ಮಿಂಡಿಯಾ’ ಎಂಬ ಇಂಗ್ಲಿಷ್ ಮಾಸಪತ್ರಿಕೆಯನ್ನು ಹೊರಡಿಸಿದರು. ಪಟೇಲರ ಲೇಖನಿ ಖಾರವಾದುದು. ಅವರ ವಿಮರ್ಶೆಗೆ ಹೆದರದ ನಿರ್ಮಾಪಕನಿರಲಿಲ್ಲವೆಂದು ಹಳಬರು ಹೇಳುತ್ತಿದ್ದರು. ಒಳಪುಟಗಳಲ್ಲಿ ಇಷ್ಟು ಖಾರವಿದ್ದ ಪತ್ರಿಕೆಯ ಹೊರಪುಟ ಮಾತ್ರ ಸದಾ ಸಿಹಿ. ನಗುವ ಅಥವಾ ಕನಸು ಕಾಣುವ ಒಂದು ಹೆಣ್ಣು ಮುಖ, ಮಿಂಚುವ ಬಣ್ಣ, ಮೂಲೆಯಲ್ಲಿ ಚಿತ್ರಕಾರನ ರುಜು. ಆ ರುಜುವಿನಲ್ಲಿಯೇ ನಮ್ಮ ಹಕ್ಕಿನ ಮೂಲವಿದೆ. ಅನೇಕ ಸಂಚಿಕೆಗಳ ಮೇಲೆ ಕಾಣುವ ಆ ಹೆಸರು ಎಸ್. ಎಂ. ಪಂಡಿತ್.

ಪಂಡಿತರು 1916ರಲ್ಲಿ ಆಗಿನ ನಿಜಾಮ್ ಸಂಸ್ಥಾನದ ಗುಲಬರ್ಗಾದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ಹುಟ್ಟಿದವರು. ಮದರಾಸಿನ ಕಲಾಶಾಲೆಯಲ್ಲಿ ಅಭ್ಯಾಸ ಮಾಡಿ ಮುಂಬಯಿಗೆ ಬಂದು, ಇಲ್ಲಿ ಮತ್ತೂ ಕಲಿತು, ಜಾಹೀರಾತು ಮತ್ತು ಚಲನಚಿತ್ರ ಪ್ರಚಾರದ ಕ್ಷೇತ್ರದಲ್ಲಿ ಕೈಯೂರಿದರು. 1938ರಲ್ಲಿ ತೆರೆದ ಮೆಟ್ರೊ ಚಿತ್ರಮಂದಿರಕ್ಕೆ ಬರುತ್ತಿದ್ದ ಹಾಲಿವುಡ್ ಚಿತ್ರಗಳ ಪ್ರದರ್ಶನ ಫಲಕಗಳನ್ನೂ, ‘ಫಿಲ್ಮಿಂಡಿಯಾ’ದ ಮುಖಪುಟಗಳನ್ನೂ ಅವರು ಬರೆದರು. ಮುಂದೆ ಪೌರಾಣಿಕ ವಿಷಯದ ಕ್ಯಾಲೆಂಡರ್ ಚಿತ್ರಗಳಿಂದ ದೇಶಕ್ಕೆಲ್ಲ ಪರಿಚಿತರಾಗಿ, 1993ರಲ್ಲಿ ತೀರಿಕೊಂಡರು. ಕಲಬುರಗಿಯ ರಂಗಮಂದಿರ ಇಂದು ಅವರ ಹೆಸರನ್ನು ಹೊತ್ತಿದೆ. ಕನ್ನಡ ನಾಡಿನ ಒಂದು ಬಿಸಿಲೂರಿನ ಕೈಯು ಹಿಂದೀ ಚಿತ್ರತಾರೆಯರ ಮುಖಕ್ಕೆ ಬಣ್ಣ ಕೊಟ್ಟಿತೆಂಬುದು ಬರಿಯ ಅಭಿಮಾನದ ಮಾತಲ್ಲ, ನಡೆದ ಸಂಗತಿ.

‘ಬಣ್ಣ ಕೊಟ್ಟಿತು’ ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕು. ಆ ಕಾಲದ ಚಲನಚಿತ್ರಗಳು ಕಪ್ಪು ಬಿಳುಪಿನವು. 1937ರ ‘ಕಿಸಾನ್ ಕನ್ಯಾ’ದಂಥ ಒಂದೆರಡು ಪ್ರಯೋಗಗಳನ್ನು ಬಿಟ್ಟರೆ ಪ್ರೇಕ್ಷಕನು ತೆರೆಯ ಮೇಲೆ ಬಣ್ಣವನ್ನು ಕಂಡದ್ದಿಲ್ಲ, ಕನ್ನಡದಲ್ಲಿಯಂತೂ ಮೊದಲ ಪೂರ್ಣ ವರ್ಣಚಿತ್ರವಾದ ‘ಅಮರಶಿಲ್ಪಿ ಜಕಣಾಚಾರಿ’ ಬರಲು 1964ರವರೆಗೆ ಕಾಯಬೇಕಾಯಿತು. ಹೀಗಿರುವಾಗ ನಾಯಕಿಯ ಸೀರೆ ಹಸುರೋ ಕೆಂಪೋ, ಕಣ್ಣು ಕಪ್ಪೋ ಕಂದೋ ಎಂಬುದನ್ನು ಪ್ರೇಕ್ಷಕನಿಗೆ ಹೇಳುತ್ತಿದ್ದವನು ಮುಖಪುಟದ ಚಿತ್ರಕಾರ. ತೆರೆಯ ಮೇಲೆ ಬೂದು ನೆರಳಾಗಿ ಚಲಿಸಿದವಳು ಪತ್ರಿಕೆಯಲ್ಲಿ ಮೈದುಂಬಿ ಬಂದಳು. ಮುಖಪುಟವು ತೆರೆಯ ಪ್ರತಿಬಿಂಬವಾಗಿರಲಿಲ್ಲ. ತೆರೆಯಲ್ಲಿ ಇಲ್ಲದ್ದನ್ನು ತುಂಬಿ ಕೊಡುವ ಪೂರಣವಾಗಿತ್ತು. ಓದುಗನು ಅದನ್ನು ಜೋಪಾನವಾಗಿ ಕತ್ತರಿಸಿ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನು ಮುಖಪುಟದ ಲಕ್ಷಣಗಳನ್ನು ಒಂದೊಂದಾಗಿ ಪರಿಶೀಲಿಸೋಣ. ಇವು ಬರಿಯ ರೂಢಿಯೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಒಂದೊಂದಕ್ಕೂ ಒಂದು ಕಾರಣವಿದೆ.

ಮೊದಲನೆಯದು ಪತ್ರಿಕೆಯ ಹೆಸರಿನ ಸ್ಥಾನ. ಅದು ಯಾವಾಗಲೂ ಮೇಲ್ಭಾಗದಲ್ಲಿಯೇ ಇರುವುದೇಕೆ? ನಮ್ಮ ಊರುಗಳ ಪತ್ರಿಕೆ ಅಂಗಡಿಯನ್ನು ನೋಡಿದರೆ ಉತ್ತರ ಸಿಗುತ್ತದೆ. ಫೋರ್ಟಿನ ಕಾಲುದಾರಿಯಲ್ಲಿಯೂ ರೈಲು ನಿಲ್ದಾಣದ ಪುಸ್ತಕದಂಗಡಿಯಲ್ಲಿಯೂ ಪತ್ರಿಕೆಗಳನ್ನು ಒಂದರ ಮೇಲೊಂದು ಹಂಚು ಹೊದಿಸಿದಂತೆ ಜೋಡಿಸುತ್ತಾರೆ, ಇಲ್ಲವೆ ಹಗ್ಗಕ್ಕೆ ತೂಗುಹಾಕುತ್ತಾರೆ. ಕೊಳ್ಳುವವನ ಕಣ್ಣಿಗೆ ಬೀಳುವುದು ಮೇಲಿನ ನಾಲ್ಕು ಬೆರಳಿನಷ್ಟು ಮಾತ್ರ. ಆ ನಾಲ್ಕು ಬೆರಳಿನಲ್ಲಿ ಹೆಸರೂ ಇರಬೇಕು, ತಾರೆಯ ಕಣ್ಣೂ ಇರಬೇಕು. ಆದ್ದರಿಂದಲೇ ತಲೆಯನ್ನು ಪುಟದ ಮೇಲಕ್ಕೆ ಒತ್ತಿ ಬರೆಯುವ ಪದ್ಧತಿ ಬಂದಿತು. ಪತ್ರಿಕೆ ಜನಪ್ರಿಯವಾದ ಮೇಲೆ ಇನ್ನೊಂದು ಧೈರ್ಯ ಬರುತ್ತದೆ: ತಾರೆಯ ಮುಡಿಯು ಹೆಸರಿನ ಒಂದೆರಡು ಅಕ್ಷರಗಳನ್ನು ಮರೆಸಿದರೂ ಚಿಂತೆಯಿಲ್ಲ. ಅರ್ಧ ಅಕ್ಷರ ಕಂಡರೂ ಗುರುತಿಸುವಷ್ಟು ಹೆಸರು ಗಳಿಸಿದ್ದೇವೆಂಬ ಘೋಷಣೆ ಅದು. ಹೊಸ ಪತ್ರಿಕೆಗೆ ಈ ಸಲಿಗೆ ಇಲ್ಲ.

ಎರಡನೆಯದು ಹಿನ್ನೆಲೆಯ ಬರಿದು. ಮನೆಯಿಲ್ಲ, ಮರವಿಲ್ಲ, ಬೀದಿಯಿಲ್ಲ, ಮುಖವೊಂದೇ. ಇದರಲ್ಲಿ ಮುದ್ರಣದ ಕಷ್ಟವೂ ಅಡಗಿದೆ. ಬಣ್ಣದ ಚಿತ್ರವನ್ನು ಅಚ್ಚು ಮಾಡಲು ಹಳದಿ, ಕೆಂಪು, ನೀಲಿ, ಕಪ್ಪು ಎಂಬ ನಾಲ್ಕು ಬ್ಲಾಕುಗಳು ಬೇಕು. ಒಂದೇ ಹಾಳೆ ಯಂತ್ರದಡಿ ನಾಲ್ಕು ಸಲ ಹೋಗಬೇಕು. ಒಂದು ಬ್ಲಾಕು ಕೂದಲೆಳೆಯಷ್ಟು ಸರಿದರೂ ತುಟಿಯ ಕೆಂಪು ತುಟಿಯನ್ನು ಬಿಟ್ಟು ಗಲ್ಲಕ್ಕೆ ಹೋಗಿ ಕೂರುತ್ತದೆ. ಚಿತ್ರದಲ್ಲಿ ವಿವರ ಹೆಚ್ಚಿದಷ್ಟೂ ಈ ಅಪಾಯ ಹೆಚ್ಚು. ಬರಿದಾದ ಹಿನ್ನೆಲೆ ಮುದ್ರಕನಿಗೆ ರಕ್ಷೆ. ಕಾಗದದ ಮಾತೂ ಉಂಟು. ಒಳಪುಟದ ಒರಟು ಕಾಗದಕ್ಕೆ ಅಂಗುಲಕ್ಕೆ 65 ಗೆರೆಗಳ ಜಾಲರಿಯ ಬ್ಲಾಕೇ ಸರಿ. ನುಣುಪಾದ ಆರ್ಟ್ ಕಾಗದವಾದರೆ 120 ಅಥವಾ 133 ಗೆರೆಗಳ ಬ್ಲಾಕು ಹಿಡಿಯುತ್ತದೆ. ಒಳಗೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತಿದ್ದ ಮುಖ ಹೊರಗೆ ಬೆಣ್ಣೆಯಂತೆ ನಯವಾಗಿ ಕಾಣುತ್ತಿದ್ದುದರ ಗುಟ್ಟು ಇಷ್ಟೇ.

ಮೂರನೆಯದು ಮೈಬಣ್ಣ. ಇದನ್ನು ಸ್ವಲ್ಪ ನಿಷ್ಠುರವಾಗಿಯೇ ನೋಡಬೇಕು. ಹಳೆಯ ಮುಖಪುಟಗಳನ್ನು ಸಾಲಾಗಿ ಹರಡಿದರೆ ಒಂದು ವಿಚಿತ್ರ ಕಾಣುತ್ತದೆ: ಬಂಗಾಳದ ನಟಿ, ಮಹಾರಾಷ್ಟ್ರದ ನಟಿ, ತೆಂಕಣ ನಾಡಿನ ನಟಿ, ಎಲ್ಲರದೂ ಒಂದೇ ಗುಲಾಬಿ ಬಣ್ಣ. ಮುದ್ರಕನನ್ನು ಕೇಳಿದರೆ ಅವನು ತನ್ನ ಕಾರಣವನ್ನು ಹೇಳಿಯಾನು: ಚರ್ಮದ ಛಾಯೆ ಬಹುಪಾಲು ಹಳದಿ ಕೆಂಪುಗಳ ಮಿಶ್ರಣ, ನೀಲಿಯನ್ನು ಕೊಂಚ ಹೆಚ್ಚು ಸೇರಿಸಿದರೆ ಮುಖ ಕೊಳೆಯಾದಂತೆ ತೋರುತ್ತದೆ, ಆದುದರಿಂದ ನೀಲಿಯನ್ನು ಕಡಿಮೆ ಮಾಡುವುದೇ ಕ್ಷೇಮ. ಇದರಲ್ಲಿ ನಿಜವಿದೆ. ಆದರೆ ಪೂರ್ತಿ ನಿಜವಲ್ಲ. ಗೋಧಿವರ್ಣವನ್ನೂ ಎಣ್ಣೆಗೆಂಪನ್ನೂ ಬರೆಯಬಲ್ಲ ಕೈ ಆ ಚಿತ್ರಕಾರರಿಗೆ ಇತ್ತು. ಬರೆಯಿರೆಂದು ಕೇಳುವ ಪ್ರಕಾಶಕರು ಇರಲಿಲ್ಲ. ಹೊರಗಿನ ಪೂರ್ವಜ ತಂದ ಮಾದರಿ, ಮನೆಯ ಪೂರ್ವಜ ಕೊಟ್ಟ ಗುಲಾಬಿ, ನಮ್ಮ ವಧುಪರೀಕ್ಷೆಯ ಬಿಳುಪಿನ ಮೋಹ, ಈ ಮೂರೂ ಕೂಡಿ ಮುಖಪುಟದ ಮೈಬಣ್ಣವನ್ನು ನಿರ್ಣಯಿಸಿದವು. ಮನೆಯಲ್ಲಿ ಕನ್ನಡಿಯ ಮುಂದೆ ನಿಂತ ಎಷ್ಟೋ ಹೆಣ್ಣುಮಕ್ಕಳು ತಮ್ಮ ಮುಖವನ್ನು ಈ ಅಚ್ಚಿನ ಮುಖದೊಡನೆ ಹೋಲಿಸಿ ನಿಟ್ಟುಸಿರುಬಿಟ್ಟಿರಬೇಕು. ಕಲೆಯನ್ನು ಮೆಚ್ಚುವಾಗ ಈ ನಿಟ್ಟುಸಿರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಇತಿಹಾಸ ಒಕ್ಕಣ್ಣಾಗುತ್ತದೆ.

ಮುಂದಿನ ಪುಟಕ್ಕೂ ಹಿಂದಿನ ಪುಟಕ್ಕೂ ಇದ್ದ ಒಪ್ಪಂದವನ್ನು ಇಲ್ಲಿಯೇ ಹೇಳಬೇಕು. ಮುಂದೆ ತಾರೆಯ ಮುಖ. ಹಿಂದೆ, ಬಹಳ ಸಲ, ಸಾಬೂನಿನ ಜಾಹೀರಾತು. 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಲೀಲಾ ಚಿಟ್ನಿಸ್ ಆ ಸಾಬೂನಿಗೆ ಮುಖ ಕೊಟ್ಟ ಮೊದಲ ಭಾರತೀಯ ತಾರೆಯೆಂದು ಪ್ರಸಿದ್ಧರು. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ಅಲ್ಲಿಂದಾಚೆಗೆ ಮುಂದಿನ ಮುಖವೂ ಹಿಂದಿನ ಮುಖವೂ ಒಂದನ್ನೊಂದು ಅನುಕರಿಸತೊಡಗಿದವು. ಅದೇ ಓರೆನೋಟ, ಅದೇ ನಯವಾದ ಕೆನ್ನೆ, ಅದೇ ಬರಿದು ಹಿನ್ನೆಲೆ. ಮುಖಪುಟವು ಜಾಹೀರಾತಿನಂತೆ ಕಾಣತೊಡಗಿತೋ, ಜಾಹೀರಾತು ಮುಖಪುಟದಂತೆ ಕಾಣತೊಡಗಿತೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ಪತ್ರಿಕೆಯನ್ನು ಯಾವ ಕಡೆಯಿಂದ ಮೇಜಿನ ಮೇಲಿಟ್ಟರೂ ಒಂದು ಸುಂದರ ಮುಖ ಮೇಲಾಗಿರುತ್ತಿತ್ತು.

ನಾಲ್ಕನೆಯ ಲಕ್ಷಣ ಮಾತಿನ ಮಿತಿ. ವರ್ಣಲೇಖನದ ಕಾಲದ ಮುಖಪುಟದಲ್ಲಿ ಮಾತು ಬಹಳ ಕಡಿಮೆ: ಪತ್ರಿಕೆಯ ಹೆಸರು, ತಿಂಗಳು, ಬೆಲೆ, ಹೆಚ್ಚೆಂದರೆ ತಾರೆಯ ಹೆಸರು ಮತ್ತು ಅವಳ ಚಿತ್ರದ ಹೆಸರು. ಒಳಗೆ ಏನಿದೆಯೆಂದು ಮುಖಪುಟ ಕೂಗಿ ಹೇಳುತ್ತಿರಲಿಲ್ಲ. ಮುಖವೇ ಆಹ್ವಾನ. ಈ ಮೌನವನ್ನು ಮುರಿದ ಕಥೆ ಮುಂದೆ ಬರುತ್ತದೆ.

1952ರ ಮಾರ್ಚಿಯಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯವರು ‘ಫಿಲ್ಮ್‌ಫೇರ್’ ಪಾಕ್ಷಿಕವನ್ನು ಆರಂಭಿಸಿದರು. ಮೊದಲ ಸಂಚಿಕೆಯ ಮುಖಪುಟದಲ್ಲಿ ಕಾಮಿನಿ ಕೌಶಲ್. ಇಲ್ಲಿ ಒಂದು ದೊಡ್ಡ ಪಲ್ಲಟ ಆರಂಭವಾಯಿತು: ಕುಂಚದ ಜಾಗಕ್ಕೆ ಕ್ಯಾಮರಾ ಬಂದಿತು. ಛಾಯಾಚಿತ್ರವೆಂದ ಮಾತ್ರಕ್ಕೆ ಯಥಾರ್ಥವೆಂದು ತಿಳಿಯಬೇಡಿ. ಕಲೆಯನ್ನು ಅಳಿಸುವುದು, ಹುಬ್ಬನ್ನು ತಿದ್ದುವುದು, ಕಪ್ಪು ಬಿಳುಪಿನ ಪ್ರತಿಗೆ ಕೈಯಿಂದ ಬಣ್ಣ ತೊಡೆಯುವುದು, ಇವೆಲ್ಲ ಸ್ಟುಡಿಯೊಗಳ ನಿತ್ಯದ ಕೆಲಸ. ಕುಂಚ ಹೊರಗಿನಿಂದ ಮರೆಯಾಗಿ ಒಳಗೆ ಸೇರಿಕೊಂಡಿತು, ಅಷ್ಟೇ. ದೇಶವಿಭಜನೆಯ ಬಳಿಕ ಕರಾಚಿಯಿಂದ ಬಂದು ದಾದರಿನಲ್ಲಿ ಇಂಡಿಯಾ ಫೋಟೊ ಸ್ಟುಡಿಯೊ ತೆರೆದ ಜೆ. ಎಚ್. ಠಕ್ಕರ್ ಅವರಂಥವರು ನೆರಳು ಬೆಳಕುಗಳಿಂದಲೇ ಮುಖವನ್ನು ಕಡೆದು ನಿಲ್ಲಿಸಿದರು. ನರ್ಗೀಸ್, ಮಧುಬಾಲಾ, ಮೀನಾಕುಮಾರಿಯರ ಯಾವ ಮುಖಗಳನ್ನು ನಾವು ಇಂದಿಗೂ ನೆನೆಯುತ್ತೇವೋ ಅವುಗಳಲ್ಲಿ ಹಲವು ಅಂಥ ಸ್ಟುಡಿಯೊದ ದೀಪದಡಿ ಮೂಡಿದವು.

1960ರ ದಶಕದಲ್ಲಿ ಚಲನಚಿತ್ರಗಳೇ ವರ್ಣಮಯವಾದವು. ತೆರೆಯ ಮೇಲೆ ಬಣ್ಣ ಬಂದ ಮೇಲೆ, ಬಣ್ಣವನ್ನು ಊಹಿಸಿ ಬರೆಯುವ ಚಿತ್ರಕಾರನ ಅಗತ್ಯ ತೀರಿತು. ಅವನೊಡನೆ ಅವನ ರುಜುವೂ ಹೋಯಿತು. ಇದು ಸಣ್ಣ ಸಂಗತಿಯಲ್ಲ. ಕುಂಚದ ಕಾಲದಲ್ಲಿ ಮುಖಪುಟಕ್ಕೆ ಇಬ್ಬರು ಯಜಮಾನರು: ಕಾಣುವವಳು ಒಬ್ಬಳು, ಕಾಣಿಸಿದವನು ಒಬ್ಬ. ಇಬ್ಬರ ಹೆಸರೂ ಒಂದೇ ಹಾಳೆಯ ಮೇಲಿತ್ತು. ಕ್ಯಾಮರಾದ ಕಾಲದಲ್ಲಿ ಕಾಣಿಸಿದವನ ಹೆಸರು ಒಳಪುಟದ ಸಣ್ಣಕ್ಷರಕ್ಕೆ ಇಳಿಯಿತು, ಎಷ್ಟೋ ಕಡೆ ಅದೂ ಇಲ್ಲವಾಯಿತು. ಅದೇ ದಶಕದ ಆರಂಭದಲ್ಲಿ ಬಾಬುರಾವ್ ಪಟೇಲರು ‘ಮದರ್ ಇಂಡಿಯಾ’ ಎಂಬ ರಾಜಕೀಯ ಪತ್ರಿಕೆಯತ್ತ ತಿರುಗಿದರು. ‘ಫಿಲ್ಮಿಂಡಿಯಾ’ದ ಯುಗ ಮುಗಿಯಿತು.

ಮೌನ ಮುರಿದದ್ದು 1971ರ ಅಕ್ಟೋಬರಿನಲ್ಲಿ. ನಾರಿ ಹೀರಾ ಅವರು ಆರಂಭಿಸಿದ ‘ಸ್ಟಾರ್‌ಡಸ್ಟ್’ ಮಾಸಪತ್ರಿಕೆಯ ಮೊದಲ ಮುಖಪುಟದಲ್ಲಿ ಹೆಣ್ಣು ಮುಖದ ಬದಲು ರಾಜೇಶ್ ಖನ್ನಾ ಇದ್ದರು. ಮುಖದೊಡನೆ, ಅವರಿಗೆ ಗುಟ್ಟಾಗಿ ಮದುವೆಯಾಗಿದೆಯೇ ಎಂಬ ಪ್ರಶ್ನೆಯೂ ಇತ್ತು. ಅಲ್ಲಿಂದ ಮುಖಪುಟದ ವ್ಯಾಕರಣ ಬದಲಾಯಿತು. ಪ್ರಶ್ನಚಿಹ್ನೆಯೆಂಬುದು ಬಲು ಉಪಯುಕ್ತವಾದ ಚಿಹ್ನೆ: ಅದು ಆರೋಪವನ್ನು ಹೊರಿಸುತ್ತದೆ, ಆದರೆ ಹೊಣೆಯನ್ನು ಹೊರುವುದಿಲ್ಲ. ಹಿಂದೆ ಓದುಗನು ಮುಖವನ್ನು ನೋಡುತ್ತಿದ್ದ. ಈಗ ಮುಖದ ಸುತ್ತಲಿನ ಮಾತನ್ನು ಓದತೊಡಗಿದ. ಬಲಕ್ಕೊಂದು ವಾಕ್ಯ, ಎಡಕ್ಕೊಂದು ವಾಕ್ಯ, ಹಳದಿಯಲ್ಲಿ ಒಂದು, ಬಿಳಿಯಲ್ಲಿ ಒಂದು. ನಡುವೆ ತಾರೆ ಸಾಕ್ಷಿಕಟ್ಟೆಯಲ್ಲಿ ನಿಂತವಳಂತೆ. ಚೌಕಟ್ಟು ಅದೇ ಉಳಿಯಿತು, ಮೇಲೆ ಹೆಸರು, ನಡುವೆ ಮುಖ. ಆದರೆ ಆಹ್ವಾನವಿದ್ದಲ್ಲಿ ವಿಚಾರಣೆ ಬಂದು ಕುಳಿತಿತು.

ಮದರಾಸಿನಲ್ಲಿಯೂ ಕರ್ನಾಟಕದಲ್ಲಿಯೂ ಇದೇ ಮಾದರಿ ತಕ್ಕ ಮಾರ್ಪಾಟುಗಳೊಡನೆ ಬೇರೂರಿತು. ದಕ್ಷಿಣದ ಭಾಷೆಗಳ ಚಿತ್ರೋದ್ಯಮ ಬಹುಕಾಲ ಮದರಾಸಿನಲ್ಲಿ ಕೇಂದ್ರೀಕೃತವಾಗಿದ್ದುದರಿಂದ ಒಂದೇ ಸಂಸ್ಥೆಯ ಪತ್ರಿಕೆ ಹಲವು ಭಾಷೆಗಳಲ್ಲಿ ಹೊರಬರುವುದು ಸುಲಭವಾಯಿತು; ‘ವಿಜಯಚಿತ್ರ’ ಕನ್ನಡದಲ್ಲಿಯೂ ಬಂದದ್ದು ಹೀಗೆ. ಮಣಿಪಾಲದ ಬಳಗದಿಂದ ‘ರೂಪತಾರಾ’ ಬಂದಿತು. ಕನ್ನಡದ ಮುಖಪುಟದಲ್ಲಿ ರಾಜಕುಮಾರರ ಮುಖಕ್ಕೆ ದೊರೆತ ಗೌರವ ಬೇರೆಯೇ ಬಗೆಯದು. ಅಲ್ಲಿ ಮುಖ ಸೌಂದರ್ಯದ ಗುರುತಾಗಿರಲಿಲ್ಲ, ನಾಡಿನ ಗುರುತಾಗಿತ್ತು. ಪರಊರಿನಲ್ಲಿರುವ ಕನ್ನಡಿಗನು ನಿಲ್ದಾಣದ ಅಂಗಡಿಯ ನೂರು ಪತ್ರಿಕೆಗಳ ನಡುವೆ ಆ ಒಂದು ಮುಖವನ್ನೂ ಆ ದುಂಡಕ್ಷರಗಳನ್ನೂ ಕಂಡಾಗ ಅವನಿಗೆ ಆಗುತ್ತಿದ್ದ ಸಂತೋಷವನ್ನು ವಾಚಕರಿಗೆ ವಿವರಿಸಿ ಹೇಳಬೇಕಾದ್ದಿಲ್ಲ.

ಮುಖಪುಟ ಯಾರನ್ನು ತೋರಿಸಿತು ಎಂಬುದರಷ್ಟೇ ಮುಖ್ಯವಾದದ್ದು, ಯಾರನ್ನು ತೋರಿಸಲಿಲ್ಲ ಎಂಬುದು. ಬೀಳಗಿಯಿಂದ ಬಂದು ಹಿಂದೀ ಚಿತ್ರಗಳಲ್ಲಿ ಹಾಡಿ, 1943ರ ‘ಕಿಸ್ಮತ್’ದ ಗೀತೆಗಳಿಂದ ಮನೆಮಾತಾದ ಅಮೀರಬಾಯಿ ಕರ್ನಾಟಕಿಯವರದು ಮುಖ್ಯವಾಗಿ ಕಂಠದ ಕೀರ್ತಿ, ಕಂಠಕ್ಕೆ ಮುಖಪುಟವಿಲ್ಲ. ಮೈಸೂರಿನ ವಿ. ಕೆ. ಮೂರ್ತಿಯವರು ಗುರುದತ್ತರ ಚಿತ್ರಗಳಲ್ಲಿ ಮುಖಗಳ ಮೇಲೆ ಬೆಳಕು ಹಾಯಿಸಿದ ಬಗೆ ಇಂದಿಗೂ ಪಾಠವಾಗಿದೆ. 1959ರ ‘ಕಾಗಜ್ ಕೆ ಫೂಲ್’ ಒಂದೇ ಸಾಕು ಅವರ ಹೆಸರು ಉಳಿಯಲು. 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆದರೆ ಬೆಳಕು ಕೊಟ್ಟವನಿಗೆ ಮುಖಪುಟದ ಸಂಪ್ರದಾಯದಲ್ಲಿ ಜಾಗವಿರಲಿಲ್ಲ. ಮುಖಪುಟವು ನಮಗೆ ಕಲಿಸಿದ ಒಂದು ತಪ್ಪು ಪಾಠವೆಂದರೆ ಇದು: ಚಲನಚಿತ್ರವೆಂದರೆ ಮುಖ, ಮಿಕ್ಕವರೆಲ್ಲ ಆ ಮುಖದ ಹಿನ್ನೆಲೆಯ ಬರಿದು.

ಇನ್ನು ಹೊಣೆಯ ಮಾತು. ಹಳೆಯ ಸಂಚಿಕೆಗಳನ್ನು ಗ್ರಂಥಾಲಯಗಳಲ್ಲಿ ಕಾಪಾಡುವುದಿಲ್ಲವೆ ಎಂದು ಕೇಳಬಹುದು. ಕಾಪಾಡುತ್ತಾರೆ, ಆದರೆ ಹೇಗೆ? ವರ್ಷದ ಸಂಚಿಕೆಗಳನ್ನು ಒಟ್ಟು ಮಾಡಿ ರಟ್ಟು ಕಟ್ಟುವಾಗ ಮುಖಪುಟಗಳನ್ನೂ ಜಾಹೀರಾತಿನ ಹಾಳೆಗಳನ್ನೂ ಕಿತ್ತು ಬಿಸುಡುವುದು ಅನೇಕ ಬೈಂಡರುಗಳ ಪದ್ಧತಿ. ಸಂಪುಟ ತೆಳ್ಳಗಾಗಲಿ ಎಂಬುದು ಅವರ ಉದ್ದೇಶ. ಹೀಗೆ ಲೇಖನ ಉಳಿಯಿತು, ಮುಖ ಹೋಯಿತು. ಮನೆಗಳಲ್ಲಿ ಇದಕ್ಕೆ ವಿರುದ್ಧ: ಮುಖವನ್ನು ಕತ್ತರಿಸಿ ಇಟ್ಟುಕೊಂಡು ಮಿಕ್ಕದ್ದನ್ನು ರದ್ದಿಗೆ ಹಾಕಿದರು, ಹಾಗಾಗಿ ಮುಖ ಉಳಿದಲ್ಲಿ ತಿಂಗಳೂ ವರ್ಷವೂ ಹೋಯಿತು. ಪುಣೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಚಿತ್ರಗಳೊಡನೆ ಪತ್ರಿಕೆ, ಭಿತ್ತಿಪತ್ರಗಳನ್ನೂ ಕೂಡಿಹಾಕಿ ಮಹದುಪಕಾರ ಮಾಡಿದೆ. ಆದರೆ ಒಂದು ಸಂಸ್ಥೆ ಎಷ್ಟನ್ನು ಹುಡುಕೀತು? ಮುಖಪುಟದ ಮೂಲ ವರ್ಣಚಿತ್ರಗಳ ಪಾಡು ಇನ್ನೂ ಕನಿಕರ ಪಡುವಂಥದು. ಬ್ಲಾಕು ಮಾಡಿಸಿದ ಮೇಲೆ ಮೂಲಚಿತ್ರಕ್ಕೆ ಬೆಲೆಯಿಲ್ಲವೆಂದು ಬಗೆದ ಕಾಲ ಅದು.

ನಮ್ಮ ಬಡಾವಣೆಗಳಲ್ಲಿ, ಹಳೆಯ ಚಾಳುಗಳ ಅಟ್ಟದ ಮೇಲೆ, ಅಜ್ಜಿಯರ ಟ್ರಂಕಿನ ಮುಚ್ಚಳದಲ್ಲಿ ಇಂಥ ಹಾಳೆಗಳು ಇನ್ನೂ ಇರಬಹುದು. ಮನೆಯನ್ನು ಹೊಸದಾಗಿ ಕಟ್ಟುವ ಭರದಲ್ಲಿ ಅವು ಒಂದೇ ದಿನದಲ್ಲಿ ರದ್ದಿಯ ಚೀಲ ಸೇರುತ್ತವೆ. ಅದಕ್ಕೆ ಮುನ್ನ ಒಮ್ಮೆ ಬಿಚ್ಚಿ ನೋಡಬೇಕು. ಮೂಲೆಯಲ್ಲಿ ರುಜುವಿದೆಯೆ, ತಿಂಗಳು ವರ್ಷ ಉಂಟೆ, ಹಿಂದಿನ ಪುಟದಲ್ಲಿ ಏನಿದೆ ಎಂದು ಬರೆದಿಡಬೇಕು. ಕತ್ತರಿಸಬಾರದು, ಅಂಟಿಸಬಾರದು, ಒಣಗಿದ ಜಾಗದಲ್ಲಿ ಮಡಿಸದೆ ಇಡಬೇಕು. ಪ್ರತಿಯೊಂದು ಕನ್ನಡ ಸಂಘದ ವಾಚನಾಲಯವೂ ಇದಕ್ಕೆಂದು ಒಂದು ಕಪಾಟನ್ನು ಮೀಸಲಿಟ್ಟರೆ ಖರ್ಚೇನೂ ಹೆಚ್ಚಲ್ಲ. ಅಂಥ ಕಪಾಟಿನಿಂದ ಒಂದು ದಿನ ಕಲಬುರಗಿಯ ಆ ಚಿತ್ರಕಾರರ ಕೆಲಸದ ಪೂರ್ಣ ಪಟ್ಟಿಯನ್ನು ಯಾರಾದರೂ ತರುಣ ವಿದ್ಯಾರ್ಥಿ ಸಿದ್ಧಪಡಿಸಿಯಾನು.

ರಾಜ್ಯೋತ್ಸವದ ದಿನ ನಾವು ಕವಿಗಳನ್ನೂ ಅರಸರನ್ನೂ ನೆನೆಯುತ್ತೇವೆ, ಅದು ಯೋಗ್ಯವೇ. ಅವರೊಡನೆ, ಪರನಾಡಿಗೆ ಬಂದು, ಪರಭಾಷೆಯ ಪತ್ರಿಕೆಗೆ, ತಿಂಗಳಿಗೊಮ್ಮೆ ಹುಟ್ಟಿ ತಿಂಗಳಿಗೊಮ್ಮೆ ಸಾಯುವ ಹಾಳೆಯ ಮೇಲೆ ಶ್ರದ್ಧೆಯಿಂದ ಕುಂಚವಾಡಿಸಿದ ಕನ್ನಡಿಗರನ್ನೂ ನೆನೆಯೋಣ. ಅವರು ರುಜು ಹಾಕಿ ಹೋಗಿದ್ದಾರೆ. ಅದನ್ನು ಓದಿ ಹೇಳುವ ಕೆಲಸ ನಮ್ಮದು.